ಕೇಳಿ ನೋಡಿದ್ದು

ಇಂಡಿಯಲ್ಲಿ ಅಕ್ಕನ ಮನೆಯ ಹಿತ್ತಲಲ್ಲಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ ಅಮೋಘಸಿದ್ಧನಿಗೆ ಗಲ್ಲದ ಎಡಗಡೆ ಬ್ಲೇಡು ತುಸು ಕಚ್ಚಿದ್ದೇ ತಡ, ಮೂವತ್ತು ವರ್ಷದ ಹಿಂದಿನ ಆ ಮುದುಕ ಮತ್ತೆ ಎದ್ದು ನಿಂತ. ಎಲ್ಲಿಯ ಇಂಡಿ, ಎಲ್ಲಿಯ ಅವನು ಭಾಷಣ ಮಾಡಿದ ಆ ಚಳಿದೇಶದ ಸಭಾಂಗಣ. ಕೊನೆಯ ಸಾಲಿನಲ್ಲಿ ಕೂತಿದ್ದ ಆ ಮುದುಕ ಪ್ರೊಫೆಸರ್ ಎದ್ದು, ತನ್ನ ಕೈಯಲ್ಲಿದ್ದ ಟೊಪ್ಪಿಗೆ ತಿರುವುತ್ತ, ಬಹಳ ಮೆತ್ತಗೆ, 'ನಿಮ್ಮ ತಾಯಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ನೀವು ಅವರನ್ನು ಕೇಳಿದ್ದೀರಾ?' ಎಂದಿದ್ದ. ಅಮೋಘಸಿದ್ಧ ಆಗ ನಲವತ್ತರ ಹುಮ್ಮಸ್ಸಿನಲ್ಲಿದ್ದ, ಹೊಸ ಕೋಟು ಹಾಕಿದ್ದ. 'ಕೇಳುವುದೇನು, ಆಕೆ ನನ್ನ ತಾಯಿ' ಎಂದುಬಿಟ್ಟ. ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಮುದುಕನೂ ನಕ್ಕು ಕೂತ. ಪ್ರಶ್ನೆ ಮಾತ್ರ ಕೂರಲಿಲ್ಲ. ಅದಾದ ಮೇಲೂ ಅವ್ವ ಹನ್ನೊಂದು ವರ್ಷ ಬದುಕಿದ್ದಳು, ರಜೆಗೆ ಬಂದಾಗೆಲ್ಲ ಎದುರಿಗೇ ಕೂತು ಎಲೆ ಮೆಲ್ಲುತ್ತಿದ್ದಳು. ಕೇಳಬಹುದಿತ್ತು. ಕೇಳಲಿಲ್ಲ.

ಅವನ ಹೆಸರೆಲ್ಲ ನಿಂತಿದ್ದು ಒಂದು ಕುರಿಯ ಮೇಲೆ, ಅದೂ ಹಟ್ಟಿಗೆ ಬಾರದ ಕುರಿಯ ಮೇಲೆ. ಹೊತ್ತು ಮುಳುಗುವಾಗ ನೂರಿಪ್ಪತ್ತು ಕುರಿ ಧೂಳೆಬ್ಬಿಸಿಕೊಂಡು ಹಟ್ಟಿ ಸೇರುತ್ತಿದ್ದವು. ಅವ್ವ ರೇವವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು, ಒಂದು ಕೈಯಲ್ಲಿ ಉದ್ದನೆಯ ಬಡಿಗೆ, ಇನ್ನೊಂದು ಕೈ ಏಳು ವರ್ಷದ ಅಮೋಘಸಿದ್ಧನ ಹೆಗಲ ಮೇಲೆ. ಎಣಿಸುತ್ತಿರಲಿಲ್ಲ, ಬೆರಳು ಮಡಿಸುತ್ತಿರಲಿಲ್ಲ. ಒಮ್ಮೊಮ್ಮೆ ಧೂಳು ಕೂತ ಮೇಲೆ 'ನಾ ನೋಡೇನಿ, ಒಂದ ಬಂದಿಲ್ಲ' ಎನ್ನುತ್ತಿದ್ದಳು, ಎಣಿಸಿದರೆ ಒಂದು ಕಮ್ಮಿಯೇ ಇರುತ್ತಿತ್ತು. ಮುಂದೆ ಅವನು ಬಸವನ ಬಾಗೇವಾಡಿಯ ಬೋರ್ಡಿಂಗಿನಲ್ಲಿದ್ದು ಓದಿ, ಧಾರವಾಡದಲ್ಲಿ ಭೌತಶಾಸ್ತ್ರ ಕಲಿತು, ಅದು ಸಾಲದೆಂದು ತತ್ತ್ವಜ್ಞಾನಕ್ಕೆ ಹಾರಿ, 'ವಿಜ್ಞಾನನೋ ತತ್ತ್ವಜ್ಞಾನನೋ, ಒಂದ ಹೇಳಪಾ' ಎಂದು ಕೇಳುವ ಬೀಗರಿಗೆಲ್ಲ ಉತ್ತರ ಹೇಳಿ ದಣಿದು, ಕೊನೆಗೆ ಬರೆದ ದೊಡ್ಡ ಪುಸ್ತಕದ ನಡುಮಧ್ಯೆ ನಿಂತಿದ್ದು ಇದೇ ಚಿತ್ರ. ಖಾಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಏನು ಇರಬೇಕು ಎಂದು ಮೊದಲೇ ಬಲ್ಲ ಕಣ್ಣಿಗೆ ಮಾತ್ರ ಇಲ್ಲದ್ದೂ ಕಾಣುತ್ತದೆ, ದುರ್ಬೀನಿನ ಮುಂದೆ ಕೂತ ವಿಜ್ಞಾನಿಯದೂ ಹಟ್ಟಿಯ ಬಾಗಿಲಲ್ಲಿ ನಿಂತ ರೇವವ್ವನದೂ ಒಂದೇ ನೋಟ ಎಂಬುದು ಅವನ ವಾದ. ಪುಸ್ತಕವನ್ನು ಅರ್ಪಿಸಿದ್ದು 'ನನ್ನ ಹೆಗಲ ಮೇಲಿದ್ದ ಕೈಗೆ'. ಅದನ್ನು ಓದಿ ಕಣ್ಣೀರು ಹಾಕಿದವರಿದ್ದಾರೆ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಹೋದ ತಿಂಗಳು ಸಿಂದಗಿಯ ಕಾಲೇಜಿನಿಂದ ಹಳೆಯ ಶಿಷ್ಯೆ ರಾಜಶ್ರೀ ಭಾಷಣಕ್ಕೆ ಕರೆದು ಬರೆದ ಕಾಗದದ ಕೊನೆಗೆ ಒಂದು ಸಾಲು ಸೇರಿಸಿದ್ದಳು: 'ಸರ್, ನಿಮ್ಮ ಕುರಿಯ ಪಾಠವನ್ನು ಪ್ರತಿವರ್ಷ ಹೇಳುತ್ತೇನೆ. ಕುರಿ ಸಾಕುವ ಮನೆಯ ಮಕ್ಕಳು ಮಾತ್ರ ಈ ಪಾಠ ಬಂದಾಗ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಯಾಕೋ ಹೇಳುವುದಿಲ್ಲ.' ಆ ನಗು ಒಂದು ತಿಂಗಳಿಂದ ಅವನ ಅಂಗಿಯೊಳಗೆ ಹೊಕ್ಕ ಹುಲ್ಲಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಎಪ್ಪತ್ತೊಂದು ವರ್ಷದವನಿಗೆ ಹದಿನೆಂಟರ ಮಕ್ಕಳ ನಗುವಿನ ಭಯ.

"ಅಮೋಗ್ಯಾ, ರೊಟ್ಟಿ ಆರಾಕತ್ಯಾವ. ಗಲ್ಲ ಕೊಯ್ಕೊಂಡೇನು?" ಎಂದು ಅಡುಗೆಮನೆಯಿಂದಲೇ ಮಾಳವ್ವ ಕೂಗಿದಳು. ಅಕ್ಕನಿಗೆ ಎಪ್ಪತ್ತೇಳು. ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಯಾರೂ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಳ್ಳುವಂತಿರಲಿಲ್ಲ. ತೋಟದಾಚೆಯ ನಿಂಬೆಗಿಡದಲ್ಲಿ ಯಾವ ಹಣ್ಣಿಗೆ ಚುಕ್ಕೆ ಬಿದ್ದಿದೆ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಅವನೋ ದಪ್ಪ ಕನ್ನಡಕ ಹಾಕಿಕೊಂಡೂ ಚಟ್ನಿಗೆ ಮೊಸರು ಬಿಟ್ಟುಕೊಳ್ಳುವ ಬದಲು ನೀರು ಬಿಟ್ಟುಕೊಂಡ. ಅಕ್ಕ ನಕ್ಕಳು, ಇವತ್ತು ತಾನೂ ಸಿಂದಗಿಗೆ ಬರುವವಳೇ ಎಂದಳು. ಅವನು ದೇಶವೆಲ್ಲ ತಿರುಗಿ ಮಾತಾಡಿದ್ದಾನೆ, ತಾನು ಒಮ್ಮೆಯೂ ಕೇಳಿಲ್ಲ. ಅವನಿಗೆ ಸಂತೋಷವಾಯಿತು, ಸಂತೋಷದ ಹಿಂದೆಯೇ ಸಣ್ಣ ನಾಚಿಕೆಯೂ ಆಯಿತು. ಯಾವುದೋ ಸಂದರ್ಶನದಲ್ಲಿ 'ನಮ್ಮಕ್ಕನಿಗೆ ಓದು ಹತ್ತಲಿಲ್ಲ, ಏಳನೇತ್ತೆಗೆ ಸಾಲಿಗೆ ಶರಣು ಹೊಡೆದಳು' ಎಂದು ತಮಾಷೆ ಮಾಡಿದ್ದು ನೆನಪಾಯಿತು. ಅಕ್ಕ ಹೊಸ ಇಳಕಲ್ಲ ಸೀರೆ ಉಟ್ಟು, ಕೈಚೀಲದಲ್ಲಿ ಒಂದಿಷ್ಟು ನಿಂಬೆಹಣ್ಣು ಹಾಕಿಕೊಂಡು ಬಾಗಿಲಿಗೆ ಬಂದು ನಿಂತಾಗಿತ್ತು. ಸಭೆಗೆ ಬರಿಗೈಲಿ ಹೋಗಬಾರದು ಎಂಬುದು ಅವಳ ಶಾಸ್ತ್ರ.

ಬಸ್ಸಿನಲ್ಲಿ ಕಿಟಕಿಯ ಸೀಟು ಅಕ್ಕನಿಗೆ. ಹೊರಗೆ ಹಿಂಗಾರಿ ಜೋಳ ತೆನೆ ಕಟ್ಟಿ ನಿಂತಿತ್ತು. ಅಮೋಘಸಿದ್ಧ ಕಿಸೆಯಲ್ಲಿದ್ದ ಹದಿನಾಲ್ಕು ಪುಟದ ಭಾಷಣವನ್ನು ಮುಟ್ಟಿ ನೋಡಿಕೊಂಡ. ಇದೇ ಕಡೆಯ ಭಾಷಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಕುರಿಯನ್ನು ಒಮ್ಮೆ ಅದರ ಊರಿಗೇ ತಂದು ಬಿಟ್ಟು ಕೈತೊಳೆದುಕೊಳ್ಳುವುದು. ನಲವತ್ತು ವರ್ಷ ಅವನು ತರಗತಿಗಳಲ್ಲಿ ಹೇಳಿದ್ದೇನು? ತಪ್ಪೆಂದು ತೋರಿಸಲು ದಾರಿಯೇ ಇಲ್ಲದ ಮಾತು ವಿಜ್ಞಾನವಲ್ಲ, ತಪ್ಪಾದ ದಿನ ಹಬ್ಬ ಮಾಡಿರಿ, ಅವತ್ತು ನೀವು ಒಂದು ಹೊಸದು ಕಲಿತಿರಿ. ಎಷ್ಟು ಚೆನ್ನಾಗಿ ಹೇಳುತ್ತಿದ್ದ! ಆದರೆ ಕುರಿಯ ವಿಷಯಕ್ಕೆ ಬಂದರೆ ಮಾತ್ರ ದಾರಿಗಳನ್ನೆಲ್ಲ ತಾನೇ ಮುಚ್ಚಿ ಕೂತಿದ್ದ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ಕಡೆ, ತಂಗಡಗಿಯ ಹೊಳೆದಂಡೆಗೆ ಹೋಗುತ್ತಿದ್ದಾಗಿನ ಬಿಳಿ ಮರಳು, ಸಂಜೆಯ ಹೊಳೆಯ ವಾಸನೆ, ಹೆಗಲ ಮೇಲೆ ಆ ಕೈಯ ಭಾರ. ಅಷ್ಟು ಸುಖದ ಮೇಲೆ ಯಾರಾದರೂ ಪ್ರಶ್ನೆಯ ಕಲ್ಲು ಎತ್ತಿ ಹಾಕುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಇವತ್ತ ಅಲ್ಲಿ ಏನ್ ಹೇಳಾಂವ ಅದಿ? ನನಗ ತಿಳಿಯೂವಂಗ ಒಂದೀಟ ಹೇಳು ನೋಡೂಣು" ಎಂದಳು ಅಕ್ಕ.

ಅವನು ಹೇಳಿದ. ಹಟ್ಟಿ, ಧೂಳು, ಬಾಗಿಲಲ್ಲಿ ಅವ್ವ, ಎಣಿಸದೆ ಕಂಡ ಕಣ್ಣು, ಆ ಕಣ್ಣಿನ ಮಹಿಮೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಅವನು ಅವಳ ಕೈಯನ್ನು ಹಿಡಿದ. ಅಕ್ಕ ಅಳುತ್ತಿರಲಿಲ್ಲ.

"ಯಾಕ ನಗ್ತಿ ಅಕ್ಕಾ?"

"ಅಲ್ಲೋ ಅಮೋಗ್ಯಾ, ಹೊತ್ತ ಮುಳುಗಿದ್ರ ಅವ್ವಗ ಕಣ್ಣ ಎಲ್ಲಿ ಕಾಣ್ತಿದ್ವು?"

"ಏನಂದಿ?"

"ಹೊತ್ತ ಇಳೀತಂದ್ರ ಆಕಿಗಿ ಹಟ್ಟಿ ಬಾಗಲಾನೂ ಕಾಣ್ತಿದ್ದಿಲ್ಲ. ಸಣ್ಣಾಕಿ ಇದ್ದಾಗಿಂದ ಹಂಗ. ಹಗಲಿ ಎಲ್ಲಾ ಬರೋಬ್ಬರಿ, ಸಂಜಿ ಆತಂದ್ರ ಕತ್ತಲಿ. ನಿನಗ ಗೊತ್ತಿದ್ದಿಲ್ಲೇನ?"

"ನೋಡೇನಿ ಅಂತಿದ್ಳಲ್ಲ! ನಾ ನೋಡೇನಿ, ಒಂದ ಬಂದಿಲ್ಲ ಅಂತ!"

"ಕೇಳಿ ನೋಡತಿದ್ಳೋ. ಹಟ್ಯಾಗ ಬಿಟ್ಟ ಮರಿ ಇರ್ತಿದ್ವಲ್ಲ, ತಾಯಿ ಬಂದಕೂಡ್ಲೆ ಮಲಿ ಹಿಡೀತಿದ್ವು, ಬಾಯಿ ಬಂದ್. ಯಾವದರ ತಾಯಿ ಬರಲಿಲ್ಲ, ಅದೊಂದು ಒದರಕೋತ ನಿಂದರತಿತ್ತು. ಅಷ್ಟ. ಇದರಾಗ ಏನ್ ಮಹಿಮಾ ಐತಿ? ಕಿವಿ ಇದ್ದವ್ರಿಗೆಲ್ಲಾ ತಿಳೀತೈತಿ."

ಅಮೋಘಸಿದ್ಧ ಮುಳುಗುವವನ ಹಾಗೆ ಕೈಗೆ ಸಿಕ್ಕಿದ್ದನ್ನು ಹಿಡಿದ. "ಮತ್ತ ಟಗರು? ಟಗರಿಗೆ ಮರಿ ಇರೂದಿಲ್ಲಲ್ಲ?"

"ಅದಕ್ಕ ಅಲ್ಲೇನ, ಕರೀ ಟಗರು ಕಳದು ಮೂರ ದಿನ ಅವ್ವಗ ಗೊತ್ತಾಗಿದ್ದಿಲ್ಲ! ಅತ್ತಾಂವ ನೀನ. ಮರ್ತೇನು?"

ಮರೆತಿರಲಿಲ್ಲ. ಅತ್ತಿದ್ದು ನೆನಪಿತ್ತು, ಕರಿ ಟಗರಿನ ಬಾಗಿದ ಕೊಂಬು ನೆನಪಿತ್ತು, ಅದು ಆಲಮೇಲದ ಆಚೆ ಯಾರದೋ ತೊಗರಿ ಹೊಲದಲ್ಲಿ ಸಿಕ್ಕಿದಾಗ ಅಪ್ಪಿಕೊಂಡಿದ್ದೂ ನೆನಪಿತ್ತು. ಅದು ತನ್ನ ಸಿದ್ಧಾಂತಕ್ಕೆ ಎದುರು ನಿಂತ ಸಾಕ್ಷಿ ಎಂಬುದೊಂದು ಮಾತ್ರ ಅರವತ್ತು ವರ್ಷ ಹೊಳೆದಿರಲಿಲ್ಲ. ಎಲ್ಲವನ್ನೂ ನೋಡುವ ಕಣ್ಣಿಗೆ ಕೊಂಬಿರುವ ಟಗರು ಹೇಗೆ ತಪ್ಪಿತು ಎಂದು ಒಬ್ಬ ಸಾಮಾನ್ಯ ವಿದ್ಯಾರ್ಥಿ ಕೇಳುವ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲಿಲ್ಲ. ನೋಟದ ಬಗ್ಗೆ ಮುನ್ನೂರು ಪುಟ ಬರೆದವನು ತಾಯಿಗೆ ಕಣ್ಣು ಕಾಣುವುದಿಲ್ಲ ಎಂಬುದನ್ನು ನೋಡಿರಲಿಲ್ಲ! 'ಅಯ್ಯೋ' ಎಂದು ಹಣೆ ಬಡಿದುಕೊಂಡ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಮತ್ತು ಆ ಪದ, ಆ ಹಾಳು ಪದ. ಇಂಗ್ಲಿಷಿನಲ್ಲಿ ಬರೆಯುವಾಗ 'ನೋಡೇನಿ' ಎಂಬುದನ್ನು ಕಣ್ಣಿಗೆ ಕಟ್ಟಿಹಾಕಿದವನು ಅವನೇ. ನಮ್ಮ ಮಂದಿ ನೋಡದಿರುವುದು ಯಾವುದನ್ನು? ಮುಟ್ಟಿ ನೋಡುತ್ತಾರೆ, ಮೂಸಿ ನೋಡುತ್ತಾರೆ, ಸಾರಿಗೆ ಉಪ್ಪು ಆಗಿದೆಯೋ ನೋಡುತ್ತಾರೆ, ಜ್ವರ ನೋಡುತ್ತಾರೆ, ಹೆಣ್ಣು ನೋಡುತ್ತಾರೆ, ಹತ್ತಿ ನೋಡುತ್ತಾರೆ, ಬಿದ್ದು ನೋಡುತ್ತಾರೆ. ಅವ್ವ ಕೇಳಿ ನೋಡಿದ್ದಳು. ಮಾಡಿ ನೋಡು ಎಂಬ ಎರಡು ಮಾತಿನಲ್ಲಿ ಇಡೀ ವಿಜ್ಞಾನ ಅಡಗಿಸಿಟ್ಟ ಭಾಷೆಯಲ್ಲಿ ಹುಟ್ಟಿ, ಅದನ್ನು ಬಿಟ್ಟು ಬರೀ ಕಣ್ಣನ್ನು ಹೊತ್ತುಕೊಂಡು ಪರದೇಶಕ್ಕೆ ಹೋಗಿದ್ದ.

"ಯಾರಿಗೂ ಯಾಕ ಹೇಳಲಿಲ್ಲ ಅವ್ವ?"

"ಕಣ್ಣಿಲ್ಲದಾಕಿ ಅಂದ್ರ ಮಂದಿ ತಮ್ಮ ಕುರಿ ಮೇಸಾಕ ಕೊಡತಿದ್ರೇನ? ನನಗಷ್ಟ ಹೇಳಿದ್ಳು. ನೀ ಬಾಗೇವಾಡಿ ಬೋರ್ಡಿಂಗಿಗೆ ಹೋಗೂದು ಅಂತ ಆತಲ್ಲ, ಅವತ್ತ. ಸಂಜಿಮುಂದ ಆಕಿ ಸಂಗಾಟ ಯಾರರ ಇರಬೇಕಲ್ಲ. ಸಾಲಿ ಬಿಟ್ಟೆ. ನಂದೂ ಹೆಗಲ ಗಟ್ಟಿ ಇತ್ತು."

ಸಾಲಿಗೆ ಶರಣು ಹೊಡೆದಳು ಎಂದಿದ್ದನಲ್ಲ. ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು. "ಹಂಗಾರ ನನ್ನ ಹೆಗಲ ಮ್ಯಾಲ ಅವ್ವನ ಕೈ..." ಎಂದು ಸಣ್ಣ ದನಿಯಲ್ಲಿ ಕೇಳಿದ. "ದಾರೀಗಿ" ಎಂದಳು ಅಕ್ಕ, ನಿಂಬೆಹಣ್ಣಿನ ಚೀಲ ಸರಿಮಾಡಿಕೊಳ್ಳುತ್ತ. ಅಷ್ಟೇ. ಪುಸ್ತಕದ ಮೊದಲ ಪುಟ ಯಾರೋ ಹರಿದುಕೊಂಡು ಹೋದ ಹಾಗಾಯಿತು. ಕಬ್ಬು ಹೇರಿದ ಎರಡು ಟ್ರ್ಯಾಕ್ಟರು ದಾಟಿದವು. ಆಮೇಲೆ, ಎಲ್ಲಿಂದಲೋ, ಹೊಟ್ಟೆಯೊಳಗಿಂದ, ನಗು ಬಂತು. ಮೊದಲು ಮೂಗಿನಿಂದ ಬಂತು, ಆಮೇಲೆ ತಡೆಯಲಾಗಲಿಲ್ಲ. ಮನಸ್ಸಿನಲ್ಲಿ ಮೂವತ್ತು ವರ್ಷ ನಿಂತೇ ಇದ್ದ ಆ ಚಳಿದೇಶದ ಮುದುಕ ಕೊನೆಗೂ ಕೂತ, ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡ, ಅವನೂ ನಗುತ್ತಿದ್ದ. ಅಮೋಘಸಿದ್ಧ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕ. ಬಿಕ್ಕಳಿಕೆ ಹತ್ತಿತು. ಅಕ್ಕ ಬೆನ್ನು ಗುದ್ದಿದಳು. ಕುರುಡು ಅವ್ವ ನೂರಿಪ್ಪತ್ತು ಕುರಿಯನ್ನೂ ಊರ ಮಂದಿಯನ್ನೂ ಒಬ್ಬ ತತ್ತ್ವಜ್ಞಾನಿಯನ್ನೂ ಸಂಭಾಳಿಸಿಕೊಂಡು ಹೋದಳಲ್ಲ ಎಂದು ಹೆಮ್ಮೆಯಾಯಿತು.

ಸಿಂದಗಿಯ ಬಸ್‌ ನಿಲ್ದಾಣದಲ್ಲಿ ಇಳಿಯುವಾಗ ಅಕ್ಕ ಅವನ ತೋಳು ಹಿಡಿದು ಜಗ್ಗಿದಳು. "ನಾ ಹೇಳಿದ್ದ ಬಿಡು. ನೀ ನಿಂದ ಹೇಳು. ಛಲೋ ಐತಿ ನಿನ್ನ ಮಾತು, ಯಾರಿಗಿ ಗೊತ್ತಾಗತೈತಿ?" ಅವಳು ಮನಸಾರೆ ಹೇಳಿದ್ದಳು. ಅದೇ ಕಷ್ಟವಾದದ್ದು.

ಕಾಲೇಜಿನ ಸಭಾಂಗಣದ ಗೋಡೆಯ ತುಂಬ ಬ್ಯಾನರು, ಬ್ಯಾನರಿನಲ್ಲಿ ಬಾಗಿಲಷ್ಟು ದೊಡ್ಡ ಕಣ್ಣು, ಕಣ್ಣಿನ ಕರಿಗುಡ್ಡೆಯೊಳಗೆ ಒಂದು ಕುರಿ. ಅದನ್ನು ನೋಡಿ ಅಮೋಘಸಿದ್ಧನಿಗೆ ಬಿಕ್ಕಳಿಕೆ ಮತ್ತೆ ಶುರುವಾಯಿತು. ರಾಜಶ್ರೀ ಬಹಳ ಪ್ರೀತಿಯಿಂದ ಪರಿಚಯ ಮಾಡಿದಳು. ಈ ನೆಲದ ಕಣ್ಣನ್ನು ಜಗತ್ತಿಗೆ ತೋರಿಸಿದವರು ಎಂದಳು. ಅವನು ಎದ್ದು ಮೈಕಿನ ಮುಂದೆ ನಿಂತು ಹದಿನಾಲ್ಕು ಪುಟ ಹೊರತೆಗೆದ. ಓದಿಬಿಡಬಹುದು. ನಲವತ್ತೈದು ನಿಮಿಷ, ಚಪ್ಪಾಳೆ, ಶಾಲು, ಊಟ. ಮುಂದಿನ ಸಾಲಿನಲ್ಲಿ ಅಕ್ಕ ಪ್ರಾಚಾರ್ಯರ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು, ತಮ್ಮನ ಹೆಸರು ಬಂದಾಗೆಲ್ಲ ಹಿಂದಕ್ಕೆ ತಿರುಗಿ ಮಂದಿಯ ಮುಖ ನೋಡುತ್ತಿದ್ದಳು. ತನ್ನ ತಪ್ಪು ಒಪ್ಪಿಕೊಂಡರೆ ಈ ಹೆಮ್ಮೆ ಏನಾಗುತ್ತದೆ? ಪಾಠ ಏನಾಗುತ್ತದೆ? ಹಬ್ಬ ಮಾಡಿರಿ ಎಂದು ನಲವತ್ತು ವರ್ಷ ಇನ್ನೊಬ್ಬರಿಗೆ ಹೇಳಿದವನ ಮನೆಗೆ ಹಬ್ಬ ಬಂದರೆ ಇಷ್ಟೊಂದು ಅಂಜಿಕೆ. ಹಾಳೆಗಳನ್ನು ಮಡಚಿ ಕಿಸೆಗೆ ಇಟ್ಟ. ಬಾಯಿ ತೆರೆದರೆ ಬಂದದ್ದು ಭಾಷಣದ ಕನ್ನಡವಲ್ಲ, ಮನೆಯ ಮಾತು.

"ಕುರಿ ಪಾಠ ಬಂದಾಗ ನಗೂ ಮಂದಿ ಯಾರ್ಯಾರ ಅದೀರಿ? ಅಂಜಬ್ಯಾಡ್ರಿ. ಕೈ ಎತ್ರಿ."

ಒಂದು ಕೈ ಎದ್ದಿತು, ಆಮೇಲೆ ಮೂರು, ಆಮೇಲೆ ಹನ್ನೊಂದು. ರಾಜಶ್ರೀಯ ಮುಖ ಕೆಂಪಾಯಿತು.

"ನೀವು ನಕ್ಕಿದ್ದ ಬರೋಬ್ಬರಿ ಐತಿ. ನಾ ಬರದದ್ದ ತಪ್ಪ ಐತಿ. ಇವತ್ತ ಮುಂಜಾನೆ ಇಂಡಿ ಬಸ್ಸಿನ್ಯಾಗ ನಮ್ಮ ಅಕ್ಕ ತೋರಿಸಿಕೊಟ್ಳು" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ. ಇರುಳುಗುರುಡು, ಮರಿಗಳ ಕೂಗು, ಮೂರು ದಿನ ಕಳೆದುಹೋದ ಕರಿ ಟಗರು, 'ನೋಡೇನಿ' ಎಂಬ ಪದ. ಸಾಲಿ ಬಿಟ್ಟ ಅಕ್ಕನ ಬಗ್ಗೆ ತಾನಾಡಿದ ತಮಾಷೆಯನ್ನೂ ಹೇಳಿ ಎಲ್ಲರೆದುರು ಕೈಮುಗಿದ. ಅರಿವು ಅವ್ವನೊಬ್ಬಳ ಕಣ್ಣಿನಲ್ಲಿ ಇರಲಿಲ್ಲ, ಮರಿಯ ಗಂಟಲು, ಅವ್ವನ ಕಿವಿ, ಅಕ್ಕನ ಹೆಗಲು, ಎಲ್ಲ ಸೇರಿ ಹಟ್ಟಿಯೇ ತಿಳಿದುಕೊಳ್ಳುತ್ತಿತ್ತು ಎಂದು ಆ ಕ್ಷಣಕ್ಕೆ ಹೊಳೆದದ್ದನ್ನೂ ಹೇಳಿದ. ಒಬ್ಬರೂ ನಗಲಿಲ್ಲ. ಸಭೆ ಎಷ್ಟು ಸುಮ್ಮನಾಯಿತೆಂದರೆ ಅವನು ಗಾಬರಿಯಾಗಿ, "ಅಕ್ಕಾ, ತಾಯಿ ಬರದ ಮರಿ ಹೆಂಗ ಒದರತೈತಿ, ಒಂದೀಟ ಮಾಡಿ ತೋರಸು" ಎಂದ.

ಮಾಳವ್ವ ನಾಚಿಕೊಳ್ಳುವವಳಲ್ಲ. ಎದ್ದು ಸೆರಗು ಬಿಗಿದು, ಕುತ್ತಿಗೆ ಚಾಚಿ, "ಮ್ಯಾಂ-ಆಂ-ಆಂ" ಎಂದು ಉದ್ದಕ್ಕೆ ಒದರಿದಳು. ಹಿಂದಿನ ಬಾಗಿಲಿನ ಹತ್ತಿರ ಚಹದ ತಟ್ಟೆ ಹಿಡಿದು ನಿಂತಿದ್ದ ಕಾಲೇಜಿನ ಜವಾನ ಕಾಂತು, ನಿವೃತ್ತಿಗೆ ಹತ್ತಿರ ಬಂದವನು, ಇದ್ದಲ್ಲಿಂದಲೇ, "ತಪ್ಪರಿ ಅಮ್ಮಾರ" ಎಂದ.

"ಏನ್ ತಪ್ಪ?"

"ಅದು ಹಸದ ಮರಿ ಕೂಗರಿ. ತಾಯಿ ಬರಲಾರದ್ದು ಹಂಗ ಉದ್ದ ಒದರೂದಿಲ್ಲ. ತುಂಡ ತುಂಡ ಒದರತೈತಿ, ನಡುನಡುವ ಸುಮ್ಮಾಗಿ ಕಿವಿ ಕೊಟ್ಟ ಕೇಳತೈತಿ."

"ನೀ ಯಾರ ಮನಿಯಾಂವ?"

"ಕುರಿ ಮನಿಯಾಂವನ ಅದೇನ್ರಿ. ನಮ್ಮ ಅಣ್ಣನ ಕುರಿ ಈಗೂ ಊರ ಬಾಜೂಕ ಹೊಲದಾಗ ಅದಾವ." ತಟ್ಟೆಯನ್ನು ಯಾರದೋ ತೊಡೆಯ ಮೇಲಿಟ್ಟು ಕಾಂತು ತಾನೂ ಒದರಿದ. ಕೈ ಎತ್ತಿದ ಹನ್ನೊಂದರಲ್ಲಿ ಒಬ್ಬಳು ಎದ್ದು, ಇಬ್ಬರದೂ ತಪ್ಪು, ಅದು ಮರಿಯ ವಯಸ್ಸಿನ ಮೇಲೆ ಎಂದಳು. ಇನ್ನೊಬ್ಬ, ತಮ್ಮ ಮನೆಯಲ್ಲಿ ಮರಿಯ ದನಿಗಿಂತ ನಾಯಿಯ ಓಡಾಟ ನೋಡುತ್ತಾರೆ ಎಂದ. ಐದು ನಿಮಿಷದಲ್ಲಿ ಸಭಾಂಗಣದ ತುಂಬ ಮರಿಗಳು. ಪ್ರಾಚಾರ್ಯರು ಮೇಜು ತಟ್ಟಿದರು, ಆಮೇಲೆ ಅವರೂ ಕೇಳತೊಡಗಿದರು. ರಾಜಶ್ರೀ ಕಪ್ಪು ಹಲಗೆಯ ಮೇಲೆ 'ಉದ್ದ', 'ತುಂಡು' ಎಂದು ಎರಡು ಅಂಕಣ ಎಳೆದಳು. ಮೈಕಿನ ಮುಂದೆ ನಿಂತ ಅಮೋಘಸಿದ್ಧನನ್ನು ಯಾರೂ ನೋಡುತ್ತಿರಲಿಲ್ಲ. ಅಷ್ಟು ಸುಖ ಅವನಿಗೆ ಯಾವ ಚಪ್ಪಾಳೆಯಿಂದಲೂ ಆಗಿರಲಿಲ್ಲ.

"ಬಾಯಿಲೆ ಯಾಕ ಜಗಳ? ಹೊತ್ತ ಮುಳುಗೂಮುಂದ ನಮ್ಮ ಹಟ್ಟಿಗೆ ಬರ್ರಿ, ನೋಡೂಣು" ಎಂದ ಕಾಂತು.

"ಕೇಳಿ ನೋಡೂಣು" ಎಂದು ಮಾಳವ್ವ ತಿದ್ದಿ, ಜಗಳವಾಡಿದ್ದಕ್ಕೆ ಪ್ರತಿಯಾಗಿ ಅವನ ಕೈಗೆ ಎರಡು ನಿಂಬೆಹಣ್ಣು ಕೊಟ್ಟಳು.

ಸಂಜೆ ಒಂದಿಪ್ಪತ್ತು ಮಂದಿ ಊರ ಹೊರಗಿನ ಬದುವಿನ ಮೇಲೆ ಸಾಲಾಗಿ ನಡೆದರು. ಮುಂದೆ ಕಾಂತು, ಅವನ ಹಿಂದೆ ಫೋನು ಹಿಡಿದು ದನಿ ಮುದ್ರಿಸಿಕೊಳ್ಳಲು ಸಜ್ಜಾದ ರಾಜಶ್ರೀ, ಮಕ್ಕಳು, ಎಲ್ಲರ ಹಿಂದೆ ಅಕ್ಕ ತಮ್ಮ. ಹೊತ್ತು ಜೋಳದ ತೆನೆಗಳ ಮೇಲೆ ಇಳಿಯುತ್ತಿತ್ತು. ದೂರದಲ್ಲಿ ಧೂಳು ಎದ್ದಿತ್ತು, ಕುರಿಗಳು ಬರುತ್ತಿದ್ದವು, ಹಟ್ಟಿಯೊಳಗಿನ ಮರಿಗಳು ಆಗಲೇ ಗದ್ದಲ ಹಚ್ಚಿದ್ದವು. ಅಮೋಘಸಿದ್ಧನ ಮನಸ್ಸು ಹಗುರವಾಗಿತ್ತು, ಆದರೂ ಒಂದು ಮಾತು ಒಳಗೆ ಉಳಿದಿತ್ತು. ದಾರೀಗಿ. ಸಿದ್ಧಾಂತ ಹೋಗಲಿ, ಅದನ್ನು ನಗುತ್ತಾ ಕಳಿಸಿಕೊಟ್ಟಾಗಿದೆ. ಆ ಕೈಯನ್ನು ಕಳಿಸಿಕೊಡಲು ಮಾತ್ರ ಅವನಿಗೆ ಇಷ್ಟವಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ಕೈ ಬಂದು ಅವನ ಎಡ ಹೆಗಲ ಮೇಲೆ ಕೂತಿತು.

"ಯಾಕ ಅಕ್ಕಾ, ಕಣ್ಣ ಕಾಣವಲ್ವೇನ?"

"ಯಾಕ ಕಾಣೂದಿಲ್ಲ? ಅಗೋ ಆ ಹಟ್ಟಿ ಬಾಗಲದ ಗೂಟ ಎಣಸ್ಲೇನ?"

"ಮತ್ತ ಕೈ?"

ಮಾಳವ್ವ ನಡೆಯುತ್ತಲೇ ಇದ್ದಳು. ಕೈ ತೆಗೆಯಲಿಲ್ಲ.

"ಬರೇ ದಾರೀಗಿ ಆಗಿದ್ರ ಅವ್ವನ ಕೈಯಾಗ ಬಡಿಗಿ ಇತ್ತಲ್ಲೋ, ಹುಚ್ಚಪ್ಪಾ" ಎಂದಳು. "ನಡಿ ಸುಮ್ಮ. ಮರಿ ಒದರಾಕತ್ಯಾವ, ಕೇಳು."